ಹರಾಜಿನ ಅಂಕಿ, ಕಿಸೆಯ ಅಂಕಿ

"ರಾಹುಲ್‌ಗೆ ಹದಿನೇಳು ಇದ್ದದ್ದು ಹದಿನಾಲ್ಕಕ್ಕೆ ಇಳಿಯಿತಲ್ಲ ಮಾರಾಯ್ರೆ, ಮೂರು ಕೋಟಿ ಲಾಸ್ ಅಲ್ವಾ?" ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಈ ಜಾತಿಯವೇ ಹೆಚ್ಚು. ಪಂಚಾಯತ್ ಅನುದಾನ ಎಷ್ಟು ಬಂತು, ಘಾಟಿ ರಸ್ತೆಯ ತಡೆಗೋಡೆಗೆ ಎಷ್ಟು ಸುರಿದರು ಎಂದು ಕೇಳುವವರು ಅಪರೂಪ. ಐಪಿಎಲ್ ಹರಾಜಿನ ಮರುದಿನ ಮಾತ್ರ ಚಾರ್ಮಾಡಿಯಿಂದ ಉಜಿರೆಯವರೆಗೆ ಎಲ್ಲರೂ ಲೆಕ್ಕಪರಿಶೋಧಕರು. ಕೆ.ಎಲ್. ರಾಹುಲ್ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಬೆಳೆದದ್ದು ನಮ್ಮ ಸುರತ್ಕಲ್‌ನಲ್ಲಿ; ತಂದೆ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಹಾಗಾಗಿ ಅವರ ಸಂಬಳದ ಮೇಲೆ ಜಿಲ್ಲೆಯವರಿಗೆಲ್ಲ ಒಂದು ಹಕ್ಕು ಇದ್ದಂತೆ. ಮೊಬೈಲಿನಲ್ಲಿ ಹುಡುಕಿದರೆ ಎರಡು ಸೆಕೆಂಡಿನಲ್ಲಿ ಅಂಕಿ ಸಿಗುತ್ತದೆ. ಸಿಕ್ಕಿದ ಅಂಕಿ ಯಾವುದರದ್ದು ಎಂಬಲ್ಲಿಂದ ನನ್ನ ಕೆಲಸ ಶುರು.

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ದೊಡ್ಡ ಹರಾಜಿನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ರಾಹುಲ್‌ರನ್ನು 14 ಕೋಟಿ ರೂಪಾಯಿಗೆ ಪಡೆಯಿತು. ಅದಕ್ಕೂ ಮುಂಚಿನ ಮೂರು ಋತುಗಳಲ್ಲಿ ಲಕ್ನೋ ತಂಡದಲ್ಲಿ ಅವರ ಮೊತ್ತ 17 ಕೋಟಿ. ಇವೆರಡೂ ವರ್ಷಕ್ಕೆ, ಅಂದರೆ ಒಂದು ಋತುವಿಗೆ. ಮೂರು ವರ್ಷದ ಗುತ್ತಿಗೆಯ ಒಟ್ಟು ಮೊತ್ತ ಎಂದು ತಿಳಿದು ಮೂರರಿಂದ ಭಾಗಿಸುವವರೂ ಇದ್ದಾರೆ, ಆಡಿದ ಚೆಂಡುಗಳಿಂದ ಭಾಗಿಸಿ "ಒಂದು ಬಾಲಿಗೆ ಇಷ್ಟು ಲಕ್ಷ" ಎಂದು ವಾಟ್ಸಾಪಿಗೆ ಹಾಕುವವರೂ ಇದ್ದಾರೆ. ಮೊದಲ ಗುಂಪಿನವರದು ತಪ್ಪು ಲೆಕ್ಕ. ಎರಡನೆಯವರದು ಸರಿಯಾದ ಲೆಕ್ಕ, ಆದರೆ ಏನೂ ಹೇಳದ ಲೆಕ್ಕ.

ಹರಾಜಿನ ಅಂಕಿ ಆಟಗಾರನ ಯೋಗ್ಯತೆಗೆ ಕೊಟ್ಟ ಮಾರ್ಕು ಅಲ್ಲ. ಜೆಡ್ಡಾಕ್ಕೆ ಪ್ರತಿ ತಂಡ 120 ಕೋಟಿಯ ಚೀಲ ಹಿಡಿದು ಹೋಗಿತ್ತು. ಮೊದಲೇ ಉಳಿಸಿಕೊಂಡವರ ಮೊತ್ತ ಅದರಲ್ಲಿ ಕಳೆದಿತ್ತು. ಒಬ್ಬನ ಹೆಸರು ಬಂದಾಗ ಎಷ್ಟು ತಂಡಗಳಿಗೆ ಅಂಥವನು ಬೇಕಾಗಿದ್ದಾನೆ, ಆ ಹೊತ್ತಿಗೆ ಯಾರ ಚೀಲದಲ್ಲಿ ಎಷ್ಟು ಉಳಿದಿದೆ ಎಂಬುದೇ ಬೆಲೆಯನ್ನು ತೀರ್ಮಾನಿಸುವುದು. ಅದೇ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋದರು, ಶ್ರೇಯಸ್ ಅಯ್ಯರ್ 26.75 ಕೋಟಿಗೆ. ನಮ್ಮ ಕರ್ನಾಟಕದವರೇ ಆದ ಪ್ರಸಿದ್ಧ್ ಕೃಷ್ಣ 9.5 ಕೋಟಿಗೆ, ದೇವದತ್ತ ಪಡಿಕ್ಕಲ್ 2 ಕೋಟಿಗೆ, ಕರುಣ್ ನಾಯರ್ 50 ಲಕ್ಷಕ್ಕೆ. ಟೆಸ್ಟಿನಲ್ಲಿ ತ್ರಿಶತಕ ಹೊಡೆದವರಿಗೆ ಐವತ್ತು ಲಕ್ಷ! ಇನ್ನೊಂದು ವರ್ಷ ಕಳೆದು 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಸಣ್ಣ ಹರಾಜು ನಡೆದಾಗ, ಭಾರತಕ್ಕೆ ಇನ್ನೂ ಒಂದೂ ಪಂದ್ಯ ಆಡದ ಇಬ್ಬರು ಹುಡುಗರನ್ನು ಚೆನ್ನೈ ತಂಡ ತಲಾ 14.20 ಕೋಟಿ ಕೊಟ್ಟು ಕೊಂಡಿತು. ರಾಹುಲ್‌ಗಿಂತ ಇಪ್ಪತ್ತು ಲಕ್ಷ ಹೆಚ್ಚು. ಅವರಿಬ್ಬರು ರಾಹುಲ್‌ಗಿಂತ ದೊಡ್ಡ ಆಟಗಾರರು ಎಂದು ಚೆನ್ನೈಯವರೂ ಹೇಳಲಾರರು. ಸಣ್ಣ ಹರಾಜಿನಲ್ಲಿ ಸರಕು ಕಡಿಮೆ, ಉಳಿದ ಹಣ ಹೆಚ್ಚು, ಅಷ್ಟೇ.

ಈಗ ಕಿಸೆಗೆ ಎಷ್ಟು ಎಂಬುದಕ್ಕೆ ಬರೋಣ. 14 ಕೋಟಿ ಹರಾಜಿನ ಮೊತ್ತ. ಅದಲ್ಲದೆ 2025ರಿಂದ ಆಡಿದ ಪ್ರತಿ ಪಂದ್ಯಕ್ಕೆ 7.5 ಲಕ್ಷ ಶುಲ್ಕ ಉಂಟು, ಇಂಪ್ಯಾಕ್ಟ್ ಪ್ಲೇಯರ್ ಆಗಿ ಇಳಿದವನಿಗೂ ಸೇರಿ. ಹದಿನಾಲ್ಕು ಲೀಗ್ ಪಂದ್ಯಗಳನ್ನೂ ಆಡಿದರೆ 1.05 ಕೋಟಿ. ರಾಹುಲ್‌ಗೆ ಇದು ಮೇಲೋಗರ ಇರಬಹುದು, ಆದರೆ 30 ಲಕ್ಷಕ್ಕೆ ಹರಾಜಾದ ಹುಡುಗ ಎಲ್ಲ ಪಂದ್ಯ ಆಡಿದರೆ ಅವನ ಸಂಬಳಕ್ಕಿಂತ ಈ ಶುಲ್ಕವೇ ಮೂರೂವರೆ ಪಟ್ಟು ಆಗುತ್ತದೆ. ಹರಾಜಿನ ಪಟ್ಟಿಯನ್ನು ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಕಡಿತಗಳೂ ಉಂಟು. ಭಾರತದ ಆಟಗಾರನಿಗೆ ಹಣ ಕೊಡುವಾಗಲೇ ತಂಡದವರು ಶೇ. 10ರಷ್ಟು ಟಿಡಿಎಸ್ ಹಿಡಿಯುತ್ತಾರೆ. ವರ್ಷದ ಕೊನೆಗೆ ಇಷ್ಟು ದೊಡ್ಡ ಆದಾಯದವನ ತೆರಿಗೆ, ಸರ್ಚಾರ್ಜ್ ಮತ್ತು ಸೆಸ್ ಎಲ್ಲ ಸೇರಿ ಹೊಸ ಪದ್ಧತಿಯಲ್ಲಿ ಶೇ. 39ರ ಹತ್ತಿರ ಬರುತ್ತದೆ. ಏಜೆಂಟ್, ತರಬೇತುದಾರ, ಫಿಸಿಯೊ ಮುಂತಾದ ಖರ್ಚುಗಳನ್ನು ತೋರಿಸಿ ಸ್ವಲ್ಪ ಇಳಿಸಬಹುದು. ಏನೂ ಇಳಿಸದೆ ಲೆಕ್ಕ ಹಾಕಿದರೆ 14ರಲ್ಲಿ ಐದು ಕೋಟಿ ಚಿಲ್ಲರೆ ಸರಕಾರಕ್ಕೇ ಹೋಯಿತು. ಋತುವಿನ ಅರ್ಧಕ್ಕೆ ಬಂದವನಿಗೆ, ಅರ್ಧದಲ್ಲಿ ಮನೆಗೆ ಹೊರಟವನಿಗೆ ಆಡಲು ಸಿಕ್ಕಿದ ದಿನಗಳ ಪ್ರಮಾಣದಲ್ಲಿ ಹಣ. ತಂಡದ ಜೊತೆಗಿದ್ದೂ ಬೆಂಚಿನಲ್ಲೇ ಕೂತವನಿಗೆ ಪೂರ್ತಿ ಸಂಬಳ, ಪಂದ್ಯದ ಶುಲ್ಕ ಮಾತ್ರ ಇಲ್ಲ. ನಮ್ಮವರು ಟಿವಿಯಲ್ಲಿ ಬೆಂಚಿನ ಮೇಲೆ ಕೂತವನನ್ನು ನೋಡಿ "ಪಾಪ" ಅನ್ನುತ್ತಾರೆ. ಅಷ್ಟೊಂದು ಪಾಪ ಅನ್ನಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಈ ಅಂಕಿಯ ಆಯುಷ್ಯ. ದೊಡ್ಡ ಹರಾಜಿನ ಗುತ್ತಿಗೆ ಮೂರು ವರ್ಷದ್ದು ಎನ್ನುತ್ತೇವೆ. ಆದರೆ ಪ್ರತಿ ವರ್ಷದ ಕೊನೆಗೆ ತಂಡಕ್ಕೆ ಬಿಡುವ ಹಕ್ಕಿದೆ. ವೆಂಕಟೇಶ್ ಅಯ್ಯರ್‌ರನ್ನು ಕೋಲ್ಕತ್ತ ಜೆಡ್ಡಾದಲ್ಲಿ 23.75 ಕೋಟಿಗೆ ಕೊಂಡಿತ್ತು. ಒಂದು ಋತು ಚೆನ್ನಾಗಿ ಹೋಗಲಿಲ್ಲ, ಬಿಟ್ಟಿತು. ಅಬುಧಾಬಿಯಲ್ಲಿ ಆರ್‌ಸಿಬಿ ಅವರನ್ನು ಪಡೆದದ್ದು 7 ಕೋಟಿಗೆ. ಒಂದೇ ವರ್ಷದಲ್ಲಿ ಹದಿನಾರು ಮುಕ್ಕಾಲು ಕೋಟಿ ಇಳಿತ. "23.75 ಕೋಟಿ ಇಂಟು ಮೂರು" ಎಂದು ಬರೆದಿಟ್ಟ ಜಾಲತಾಣಗಳು ಆ ಲೆಕ್ಕವನ್ನು ಅಳಿಸಿರಲಿಕ್ಕಿಲ್ಲ.

ಬೆಲೆಯೇ ಬೇರೆ, ಸಂಬಳವೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕ್ಯಾಮರೂನ್ ಗ್ರೀನ್. ಅದೇ ಅಬುಧಾಬಿಯಲ್ಲಿ ಕೋಲ್ಕತ್ತ ಈ ಆಸ್ಟ್ರೇಲಿಯದವರನ್ನು 25.20 ಕೋಟಿಗೆ ಕೊಂಡಿತು. ಮರುದಿನ ಪತ್ರಿಕೆಗಳಲ್ಲೆಲ್ಲ ಅದೇ ತಲೆಬರಹ. ಆದರೆ ಗ್ರೀನ್‌ಗೆ ಸಿಗುವುದು 18 ಕೋಟಿ ಮಾತ್ರ. ಸಣ್ಣ ಹರಾಜಿನಲ್ಲಿ ವಿದೇಶಿ ಆಟಗಾರರ ಸಂಬಳಕ್ಕೆ ಮಿತಿ ಹಾಕಿದ ನಿಯಮ 2024ರಲ್ಲಿ ಬಂದಿದೆ. ಮಿತಿಗಿಂತ ಮೇಲಿನದು ಆಟಗಾರರ ಕ್ಷೇಮಾಭಿವೃದ್ಧಿಗೆಂದು ಬಿಸಿಸಿಐಗೆ ಹೋಗುತ್ತದೆ. ತಂಡದ ಚೀಲದಿಂದ ಹೊರಟದ್ದು 25.20, ಆಟಗಾರನಿಗೆ ತಲುಪುವುದು 18. ವಿದೇಶಿಯರು ದೊಡ್ಡ ಹರಾಜಿಗೆ ಬಾರದೆ, ಆಟಗಾರರು ಕಡಿಮೆ ಇರುವ ಸಣ್ಣ ಹರಾಜಿಗೇ ಕಾದು ಬಂದು ಬಾಚಿಕೊಳ್ಳುತ್ತಾರೆ ಎಂಬ ತಂಡಗಳ ದೂರಿಗೆ ಸಿಕ್ಕ ಔಷಧಿ ಇದು. ಹಿಂದೆ ಇನ್ನೂ ವಿಚಿತ್ರವಾದ ಏರ್ಪಾಡಿತ್ತು. ಗರಿಷ್ಠ ಮಿತಿಗೆ ಎರಡು ತಂಡಗಳು ಸಮವಾಗಿ ನಿಂತರೆ ಮುಚ್ಚಿದ ಚೀಟಿಯಲ್ಲಿ ಒಂದು ಮೊತ್ತ ಬರೆದುಕೊಡಬೇಕು. ಹೆಚ್ಚು ಬರೆದವರಿಗೆ ಆಟಗಾರ, ಆ ಹೆಚ್ಚುವರಿ ಹಣ ಮಂಡಳಿಗೆ. 2010ರಲ್ಲಿ ಪೊಲಾರ್ಡ್, 2012ರಲ್ಲಿ ಜಡೇಜ ಹಾಗೆ ಹೋದವರು. ಆ ಚೀಟಿಗಳಲ್ಲಿ ಏನಿತ್ತೆಂದು ಮಂಡಳಿ ಹೇಳಲಿಲ್ಲ. ಇಡೀ ದೇಶದ ಮುಂದೆ ಸುತ್ತಿಗೆ ಬಡಿದು ನಡೆಸುವ ಹರಾಜಿನಲ್ಲೂ ಒಂದು ಮುಚ್ಚಿದ ಲಕೋಟೆ ಇತ್ತು ಎನ್ನುವುದನ್ನು ನಾನು ಮರೆಯುವುದಿಲ್ಲ.

ಹಳೆಯ ಅಂಕಿಗಳನ್ನು ಹುಡುಕುವವರು ಇನ್ನೊಂದು ಹೊಂಡ ನೋಡಿಕೊಳ್ಳಬೇಕು. 2008ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ನಡೆದ ಮೊದಲ ಹರಾಜು ಡಾಲರಿನಲ್ಲಿ ನಡೆದದ್ದು. ರೂಪಾಯಿಗೆ ಬಂದದ್ದು 2014ರಲ್ಲಿ. ಧೋನಿ ಅಂದು ಹೋದದ್ದು 15 ಲಕ್ಷ ಡಾಲರಿಗೆ. ಆಗ ಡಾಲರಿಗೆ ನಲವತ್ತು ರೂಪಾಯಿ ಆಸುಪಾಸು, ಹಾಗಾಗಿ ಸುಮಾರು 6 ಕೋಟಿ. ಇಂದಿನ ದರದಲ್ಲಿ ಗುಣಿಸಿ ಹನ್ನೆರಡು ಹದಿಮೂರು ಕೋಟಿ ಎಂದು ತೋರಿಸುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ರಾಹುಲ್ ದ್ರಾವಿಡ್ ಆ ಹರಾಜಿಗೆ ಬರಲೇ ಇಲ್ಲ. ಬೆಂಗಳೂರಿನ 'ಐಕಾನ್' ಆಟಗಾರ ಅವರು. ಅವರ ಸಂಬಳ ತಂಡದಲ್ಲಿ ಅತಿ ಹೆಚ್ಚು ಬೆಲೆಗೆ ಬಂದವನಿಗಿಂತ ಶೇ. 15 ಹೆಚ್ಚು ಎಂದು ನಿಯಮ. ಕಾಲಿಸ್ 9 ಲಕ್ಷ ಡಾಲರಿಗೆ ಬಂದರು, ಆದ್ದರಿಂದ ದ್ರಾವಿಡ್‌ಗೆ 10 ಲಕ್ಷ 35 ಸಾವಿರ ಡಾಲರ್. ಕೂಗಿದವರಿಲ್ಲ, ಕೊಂಡವರಿಲ್ಲ, ಗುಣಾಕಾರದಿಂದ ಹುಟ್ಟಿದ ಸಂಬಳ. ಮೂರು ವರ್ಷ ಕಳೆದು 2011ರಲ್ಲಿ ಅವರೇ ಹರಾಜಿಗೆ ನಿಂತಾಗ ರಾಜಸ್ಥಾನ ಕೊಟ್ಟದ್ದು 5 ಲಕ್ಷ ಡಾಲರ್. ಮಗ ಸಮಿತ್ ದ್ರಾವಿಡ್ 2024ರಲ್ಲಿ ನಮ್ಮ ಮಹಾರಾಜ ಟ್ರೋಫಿಯ ಹರಾಜಿನಲ್ಲಿ ಮೈಸೂರು ತಂಡಕ್ಕೆ 50 ಸಾವಿರ ರೂಪಾಯಿಗೆ ಬಂದರು. ಕಾಲ ಬದಲಾಯಿತು ಎಂದು ಇದನ್ನೂ ಒಂದು ಪಟ್ಟಿಗೆ ಸೇರಿಸಿ ಹೋಲಿಸುವವರು ಇದ್ದಾರೆ, ಹೇಳಿ ಪ್ರಯೋಜನವಿಲ್ಲ.

'ನೆಟ್‌ವರ್ತ್' ಎಂದು ತಲೆಬರಹ ಹಾಕಿ ಒಟ್ಟು ಗಳಿಕೆಯನ್ನು ಕೊಡುವ ತಾಣಗಳ ಮೇಲೆ ನನಗೆ ಸಿಟ್ಟೇ ಉಂಟು. ಅವರು ಮಾಡುವುದು ಇಷ್ಟೆ: ಪ್ರತಿ ವರ್ಷದ ಹರಾಜಿನ ಅಂಕಿಯನ್ನು ಕೂಡಿಸುತ್ತಾ ಹೋಗುವುದು. ಕೆ.ಎಲ್. ರಾಹುಲ್‌ರದ್ದು 2018ರಿಂದ ಪಂಜಾಬಿನಲ್ಲಿ ನಾಲ್ಕು ವರ್ಷ 11 ಕೋಟಿಯಂತೆ 44, ಲಕ್ನೋದಲ್ಲಿ ಮೂರು ವರ್ಷ 51, ಡೆಲ್ಲಿಯ ಮೊದಲ ವರ್ಷ 14. ಎಂಟು ಋತುಗಳಿಗೆ 109 ಕೋಟಿ. ಇದನ್ನು ನೀವೇ ಕಾಗದದ ಮೇಲೆ ಕೂಡಿಸಬಹುದು, ತಾಣ ಬೇಕಾಗಿಲ್ಲ. ಆದರೆ 2017ರಲ್ಲಿ ಭುಜದ ಗಾಯದಿಂದ ಅವರು ಆ ಋತು ಆಡಲೇ ಇಲ್ಲ. ಆ ವರ್ಷದ ಸಾಲಿನಲ್ಲೂ ಅಂಕಿ ತುಂಬಿಸಿಡುವ ಪಟ್ಟಿಯನ್ನು ಹೇಗೆ ನಂಬುವುದು? ಇತ್ತ ಮಂಡಳಿಯ ವಾರ್ಷಿಕ ಗುತ್ತಿಗೆಯನ್ನು ಅವರು ಸೇರಿಸುವುದಿಲ್ಲ. 2024-25ರ ಪಟ್ಟಿಯಲ್ಲಿ ರಾಹುಲ್ ಎ ದರ್ಜೆ, ವರ್ಷಕ್ಕೆ 5 ಕೋಟಿ. ಅದರ ಮೇಲೆ ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಜಾಹೀರಾತಿನ ಒಪ್ಪಂದಗಳ ಮೊತ್ತವಂತೂ ಎಲ್ಲೂ ಅಧಿಕೃತವಾಗಿ ಪ್ರಕಟವಾಗುವುದಿಲ್ಲ. ಅಲ್ಲಿ ಕಾಣುವುದೆಲ್ಲ ಊಹೆ. ಹಿಂದೆ ಕೆಲವು ವರ್ಷ ಬಿಸಿಸಿಐ ತನ್ನ ಜಾಲತಾಣದಲ್ಲಿ 25 ಲಕ್ಷಕ್ಕಿಂತ ಮೇಲಿನ ಪಾವತಿಗಳನ್ನು ತಿಂಗಳು ತಿಂಗಳು ಹಾಕುತ್ತಿತ್ತು: ಯಾರಿಗೆ, ಯಾವ ಬಾಬ್ತು, ಎಷ್ಟು. ನೀರಸವಾದ ಪಟ್ಟಿ, ಚಿತ್ರವಿಲ್ಲ, ಬಣ್ಣವಿಲ್ಲ. ಆಟಗಾರರ ಸಂಬಳದ ಬಗ್ಗೆ ಈ ದೇಶದಲ್ಲಿ ಓದಲು ಸಿಕ್ಕಿದ ಅತಿ ಪ್ರಾಮಾಣಿಕ ಸಾಹಿತ್ಯ ಅದು ಎಂದು ನನ್ನ ಅಭಿಪ್ರಾಯ.

ಮುಂಡಾಜೆಯ ಹಿರಿಯರೊಬ್ಬರ ಪ್ರಶ್ನೆ ಸ್ವಲ್ಪ ಬೇರೆ ದಿಕ್ಕಿನದು. ಅಮೆರಿಕದಲ್ಲಿರುವ ಮೊಮ್ಮಗ ಫೋನಿನಲ್ಲಿ ಹೇಳಿದನಂತೆ, ಬೇಸ್‌ಬಾಲ್ ಆಡುವ ಒಬ್ಬನಿಗೆ 70 ಕೋಟಿ ಡಾಲರ್ ಎಂದು. "ರೂಪಾಯಿ ಇರಬೇಕು, ಮಗು ತಪ್ಪಿ ಹೇಳಿದ್ದು ಅಲ್ವಾ?" ಎಂದು ಅವರ ಅನುಮಾನ. ಮಗು ಸರಿಯಾಗಿಯೇ ಹೇಳಿದೆ. 2023ರ ಡಿಸೆಂಬರಿನಲ್ಲಿ ಜಪಾನಿನ ಶೊಹೆ ಒಟಾನಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಜೊತೆ ಹತ್ತು ವರ್ಷಕ್ಕೆ ಮಾಡಿಕೊಂಡ ಒಪ್ಪಂದ 70 ಕೋಟಿ ಡಾಲರಿನದು, ಆಗಿನ ದರದಲ್ಲಿ 5,800 ಕೋಟಿ ರೂಪಾಯಿ ಆಸುಪಾಸು. ಆದರೆ ಆಡುವ ಹತ್ತು ವರ್ಷ ಅವನಿಗೆ ಸಿಗುವುದು ವರ್ಷಕ್ಕೆ ಬರೇ 20 ಲಕ್ಷ ಡಾಲರ್. ಉಳಿದ 68 ಕೋಟಿ ಡಾಲರನ್ನು 2034ರಿಂದ 2043ರವರೆಗೆ ವರ್ಷಕ್ಕೆ 6.8 ಕೋಟಿಯಂತೆ, ಬಡ್ಡಿಯಿಲ್ಲದೆ ಕೊಡುತ್ತಾರೆ. ಅಡಿಕೆ ವ್ಯಾಪಾರಿಗೆ ಇಂದು ಮಾಲು ಕೊಟ್ಟು ಹತ್ತು ವರ್ಷ ಕಳೆದು ದುಡ್ಡು ತೆಗೆದುಕೊಳ್ಳುತ್ತೇನೆ ಎಂದಂತೆ. ಯಾಕೆ ಒಪ್ಪಿದ ಎಂದರೆ, ತಂಡಕ್ಕೆ ಬೇರೆ ಒಳ್ಳೆಯ ಆಟಗಾರರನ್ನು ತರಲು ಕೈಯಲ್ಲಿ ಹಣ ಇರಲಿ, ಗೆಲ್ಲುವ ತಂಡದಲ್ಲಿ ಇರುತ್ತೇನೆ ಎಂದು. ತಂಡದ ಸಂಬಳದ ಮೇಲಿನ ತೆರಿಗೆ ಲೆಕ್ಕ ಹಾಕುವಾಗಲೂ ಆ ಒಪ್ಪಂದದ ವಾರ್ಷಿಕ ಮೌಲ್ಯ 7 ಕೋಟಿ ಡಾಲರ್ ಅಲ್ಲ, 4.6 ಕೋಟಿ ಆಸುಪಾಸು. ಮುಂದೆ ಸಿಗುವ ಹಣಕ್ಕೆ ಇಂದಿನ ಬೆಲೆ ಕಡಿಮೆ ತಾನೆ. ಒಂದೇ ಒಪ್ಪಂದಕ್ಕೆ 70 ಕೋಟಿ, 7 ಕೋಟಿ, 4.6 ಕೋಟಿ, 20 ಲಕ್ಷ ಎಂದು ನಾಲ್ಕು ಅಂಕಿ, ನಾಲ್ಕೂ ನಿಜ. ಒಂದು ವರ್ಷದ ಬಳಿಕ ಹ್ವಾನ್ ಸೊಟೊ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ. ಅದರಲ್ಲಿ ಮುಂದೂಡಿದ್ದು ಏನೂ ಇಲ್ಲ. ಅದೇ ಮೆಟ್ಸ್ ತಂಡ ಎಂದೋ ಬಿಟ್ಟುಬಿಟ್ಟ ಬಾಬಿ ಬೊನಿಲ್ಲಾ ಎಂಬವನಿಗೆ 2011ರಿಂದ ಪ್ರತಿ ವರ್ಷ ಜುಲೈ 1ರಂದು 11 ಲಕ್ಷ 93 ಸಾವಿರದ ಚಿಲ್ಲರೆ ಡಾಲರ್ ಕೊಡುತ್ತಿದೆ, 2035ರವರೆಗೆ ಕೊಡಬೇಕು. ಅಲ್ಲಿಯ ಅಭಿಮಾನಿಗಳು ಆ ದಿನವನ್ನು ಹಬ್ಬದಂತೆ ನೆನೆಸಿಕೊಂಡು ನಗುತ್ತಾರೆ.

ಬೇಸ್‌ಬಾಲಿನ ಇಷ್ಟೆಲ್ಲ ಒಳವಿವರ ನಮ್ಮ ಮುಂಡಾಜೆಯವರ ಮೊಬೈಲಿಗೂ ಸಿಗುತ್ತದೆ. 'ಕಾಟ್ಸ್ ಬೇಸ್‌ಬಾಲ್ ಕಾಂಟ್ರ್ಯಾಕ್ಟ್ಸ್', 'ಸ್ಪಾಟ್ರ್ಯಾಕ್' ಎಂಬ ತಾಣಗಳಲ್ಲಿ ಪ್ರತಿ ಆಟಗಾರನ ಹೆಸರಿನ ಕೆಳಗೆ ವರ್ಷವಾರು ಸಂಬಳ, ಸಹಿ ಹಾಕಿದ್ದಕ್ಕೆ ಬೋನಸ್, ಮುಂದೂಡಿದ ಮೊತ್ತ, ಯಾವ ವರ್ಷ ಬೇಕಾದರೆ ಬಿಟ್ಟು ಹೋಗಬಹುದು ಎಂಬ ಷರತ್ತು, ಎಲ್ಲ ಸಾಲಾಗಿ ಉಂಟು. ಹುಡುಕುವಾಗ ಒಂದು ತಮಾಷೆ ಎದುರಾದೀತು: 'ರಿಂಕು ಸಿಂಗ್ ಬೇಸ್‌ಬಾಲ್' ಎಂದರೆ ನಮ್ಮ ಕೋಲ್ಕತ್ತ ತಂಡದವರಲ್ಲ. 2008ರಲ್ಲಿ ಒಂದು ಟಿವಿ ಸ್ಪರ್ಧೆಯಲ್ಲಿ ಗೆದ್ದು ದಿನೇಶ್ ಪಟೇಲ್ ಎಂಬವರ ಜೊತೆ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಗೆ ಸಹಿ ಹಾಕಿದ ಉತ್ತರ ಪ್ರದೇಶದ ಈಟಿ ಎಸೆತಗಾರ. ಆಮೇಲೆ ಕುಸ್ತಿಯ ಟಿವಿ ಶೋಗೆ ಹೋದರು. ಹೆಸರು ಒಂದೇ ಎಂದು ಇಬ್ಬರ ಹಣವನ್ನೂ ಒಬ್ಬರ ಖಾತೆಗೆ ಹಾಕಿಬಿಡಬೇಡಿ.

ಅಮೆರಿಕದಲ್ಲಿ ಸಂಬಳದ ಈ ವಿವರಗಳೆಲ್ಲ ಬಯಲಿನಲ್ಲಿ ಇರುವುದು ಮಾಲೀಕರ ಔದಾರ್ಯದಿಂದ ಅಲ್ಲ. ಬೇಸ್‌ಬಾಲಿನಲ್ಲಿ ಬಹುಕಾಲ ಆಟಗಾರ ಒಮ್ಮೆ ಸಹಿ ಹಾಕಿದರೆ ಮುಗಿಯಿತು, ಜೀವನಪೂರ್ತಿ ಅದೇ ತಂಡದ ಸೊತ್ತು. "ತಂಡ ಇನ್ನೊಂದು ವರ್ಷಕ್ಕೆ ಒಪ್ಪಂದವನ್ನು ಮುಂದುವರಿಸಬಹುದು" ಎಂಬ ಒಂದು ಸಾಲನ್ನು ಹಿಡಿದು ಮಾಲೀಕರು ಪ್ರತಿ ವರ್ಷ ಮುಂದುವರಿಸುತ್ತಲೇ ಹೋಗುತ್ತಿದ್ದರು. 1966ರಲ್ಲಿ ಉಕ್ಕಿನ ಕಾರ್ಮಿಕರ ಸಂಘದಲ್ಲಿ ಪಳಗಿದ ಮಾರ್ವಿನ್ ಮಿಲ್ಲರ್ ಆಟಗಾರರ ಸಂಘದ ನಾಯಕತ್ವ ವಹಿಸಿದ. 1968ರ ಮೊದಲ ಸಾಮೂಹಿಕ ಒಪ್ಪಂದದಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 6 ಸಾವಿರ ಡಾಲರಿನಿಂದ 10 ಸಾವಿರಕ್ಕೆ ಏರಿತು. 1974ರಿಂದ ಸಂಬಳದ ತಕರಾರನ್ನು ಪಂಚರ ಮುಂದೆ ಇಡುವ ಪದ್ಧತಿ ಬಂತು. ಆಟಗಾರ ಒಂದು ಅಂಕಿ ಕೊಡುತ್ತಾನೆ, ತಂಡ ಒಂದು ಅಂಕಿ ಕೊಡುತ್ತದೆ. ಪಂಚ ಎರಡರಲ್ಲಿ ಒಂದನ್ನು ಆರಿಸಬೇಕು, ನಡುವಿನದ್ದನ್ನು ಹೇಳುವಂತಿಲ್ಲ. ನನ್ನಷ್ಟೇ ಆಡುವ ಇನ್ನೊಬ್ಬನಿಗೆ ಇಷ್ಟು ಸಿಗುತ್ತದೆ ಎಂದು ತೋರಿಸದೆ ಈ ವಾದ ಗೆಲ್ಲಲು ಸಾಧ್ಯವೇ ಇಲ್ಲ. ಅಂದರೆ ಎಲ್ಲರ ಸಂಬಳ ಎಲ್ಲರಿಗೂ ಗೊತ್ತಿರಲೇಬೇಕು. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಪಂಚ "ಒಂದು ವರ್ಷ ಎಂದರೆ ಒಂದೇ ವರ್ಷ" ಎಂಬ ಅರ್ಥದ ತೀರ್ಪು ಕೊಟ್ಟು ಆ ಹಳೆಯ ಸಾಲಿನ ಹಲ್ಲು ಕಿತ್ತ. 2025ರಲ್ಲಿ ಅಲ್ಲಿಯ ಕನಿಷ್ಠ ಸಂಬಳ 7 ಲಕ್ಷ 60 ಸಾವಿರ ಡಾಲರ್. ಒಮ್ಮೆ ದೊಡ್ಡ ಒಪ್ಪಂದಕ್ಕೆ ಸಹಿ ಬಿದ್ದರೆ ಮಧ್ಯದಲ್ಲಿ ಆಟ ಕೆಟ್ಟರೂ ಪೂರ್ತಿ ಹಣ ಕೊಡಬೇಕು ಎನ್ನುವುದು ಅಲ್ಲಿಯ ರೂಢಿ. ವೆಂಕಟೇಶ್ ಅಯ್ಯರ್ ಅಲ್ಲಿ ಆಡುತ್ತಿದ್ದರೆ 23.75 ಕೋಟಿ ಮೂರು ವರ್ಷವೂ ಬರುತ್ತಿತ್ತು.

ಐಪಿಎಲ್ ಅಂಕಿಗಳೂ ಬಹಿರಂಗವೇ, ಆದರೆ ಕಾರಣ ಪೂರ್ತಿ ತಿರುಗುಮುರುಗು. ಇಲ್ಲಿ ಬೆಲೆ ಕಾಣುವುದು ಹರಾಜು ನಡೆಯುವುದರಿಂದ. ಹರಾಜಿನಲ್ಲಿ ಆಟಗಾರನಿಗೆ ಮೂಲಬೆಲೆಯನ್ನು ಸೂಚಿಸುವುದರ ಹೊರತು ಬೇರೆ ಮಾತಿಲ್ಲ. ಯಾವ ತಂಡ ಬೇಕು, ಯಾವ ಊರಿಗೆ ಹೋಗಬೇಕು ಎಂದು ಕೇಳುವವರಿಲ್ಲ. ಕೋಲ್ಕತ್ತದ ರಿಂಕು ಸಿಂಗ್ 2022ರಲ್ಲಿ 55 ಲಕ್ಷಕ್ಕೆ ಬಂದವರು. 2023ರ ಏಪ್ರಿಲಿನಲ್ಲಿ ಗುಜರಾತ್ ವಿರುದ್ಧ ಕೊನೆಯ ಓವರಿನ ಐದು ಚೆಂಡುಗಳಿಗೆ ಐದು ಸಿಕ್ಸರ್ ಹೊಡೆದು ದೇಶದ ಮನೆಮಾತಾದರು, ಭಾರತ ತಂಡಕ್ಕೂ ಬಂದರು. ಆದರೂ 2024ರ ಋತುವಿನಲ್ಲೂ ಅವರದ್ದು ಅದೇ 55 ಲಕ್ಷ. ಮುಂದಿನ ದೊಡ್ಡ ಹರಾಜಿನ ಮುಂಚೆ 13 ಕೋಟಿಗೆ ಉಳಿಸಿಕೊಂಡರು ಎನ್ನುವುದು ಬೇರೆ ಮಾತು. ನಡುವೆ ಎದ್ದು ನಿಂತು "ನನ್ನ ಸಂಬಳ ಏರಿಸಿ" ಎಂದು ಕೇಳುವ ದಾರಿ ಇರಲಿಲ್ಲ. ಲೋಧಾ ಸಮಿತಿಯ ಸುಧಾರಣೆಗಳ ಬಳಿಕ 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿದೆ, ಆದರೆ ಅದು ನಿವೃತ್ತರದ್ದು. ಈಗ ಬ್ಯಾಟು ಹಿಡಿದವರ ಪರವಾಗಿ ಮಂಡಳಿಯ ಎದುರು ಕೂತು ಚೌಕಾಸಿ ಮಾಡುವ ಸಂಘ ನಮ್ಮಲ್ಲಿಲ್ಲ. ಎಲ್ಲರಿಗೂ ಕಾಣುವ ಸಂಬಳ ಎರಡೂ ಕಡೆ ಉಂಟು. ಅಲ್ಲಿ ಅದು ಆಟಗಾರನ ಕೈಯ ಆಯುಧ, ಇಲ್ಲಿ ನಮಗೆ ಸಂಜೆಯ ಹರಟೆ.

ನಮ್ಮೂರಿನ ಕಡೆಗೆ ನೋಡಿದರೆ ಹರಟೆಗೂ ಅಂಕಿ ಸಿಗುವುದಿಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಡೆಯುವ ಮಾತು ಯಾವುದು? ಯಾವ ಭಾಗವತರು ಯಾವ ಮೇಳಕ್ಕೆ ಹೋಗುತ್ತಾರಂತೆ, ಯಾವ ವೇಷಧಾರಿ ಅಲ್ಲಿ ಬಿಟ್ಟು ಇಲ್ಲಿಗೆ ಬಂದರಂತೆ. ಆದರೆ ತಿರುಗಾಟಕ್ಕೆ ಎಷ್ಟು ಸಂಬಳ ಎಂದು ಕೇಳಿದರೆ ಕಲಾವಿದರೂ ಹೇಳುವುದಿಲ್ಲ, ಯಜಮಾನರೂ ಹೇಳುವುದಿಲ್ಲ. ಮಳೆಗಾಲದ ಕಷ್ಟಕ್ಕೆ ಯಜಮಾನರಿಂದ ಮುಂಗಡ ತೆಗೆದುಕೊಂಡವರು ಮುಂದಿನ ತಿರುಗಾಟಕ್ಕೂ ಅದೇ ಮೇಳ ಎನ್ನುವುದು ಹಳೆಯ ರೂಢಿ. ಮಿಲ್ಲರ್ ಇಲ್ಲಿಗೆ ಬಂದಿದ್ದರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಿದ್ದ. ಕಂಬಳದಲ್ಲಂತೂ ಇನ್ನೂ ಸ್ಪಷ್ಟ. ಗೆದ್ದ ಕೋಣಗಳ ಯಜಮಾನರಿಗೆ ಇಷ್ಟು ಪವನ್ ಚಿನ್ನ ಎಂದು ಕರೆಪತ್ರದಲ್ಲೇ ಅಚ್ಚಾಗಿರುತ್ತದೆ. ಓಡಿಸಿದವನಿಗೆ ಎಷ್ಟು ಎಂಬುದು ಅವನಿಗೂ ಯಜಮಾನರಿಗೂ ನಡುವಿನ ಮಾತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರ ವೇಗವನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಸರಕಾರ ಮೂರು ಲಕ್ಷ ಕೊಟ್ಟದ್ದು ಸುದ್ದಿಯಾಯಿತು. ಒಂದು ಕಂಬಳ ಓಡಿಸಿದ್ದಕ್ಕೆ ಓಟಗಾರರಿಗೆ ಎಷ್ಟು ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ನಾವು ನಂಬಿದ್ದೇವೆ. ಕೇಳದೆ ಇರುವುದರಿಂದ ಯಾರಿಗೆ ಲಾಭ ಎಂದು ಯೋಚಿಸಿದರೆ ಅದು ಅಷ್ಟೇನೂ ಮರ್ಯಾದೆಯ ವಿಷಯ ಅನ್ನಿಸುವುದಿಲ್ಲ.

ಕಬಡ್ಡಿ ಐಪಿಎಲ್‌ಗೂ ಕಂಬಳಕ್ಕೂ ನಡುವೆ ನಿಂತಿದೆ, ಅದಕ್ಕೇ ಅದರ ಪ್ರಶ್ನೆಗಳು ಹೆಚ್ಚು ಗಂಭೀರ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಹರಾಜಿನಲ್ಲಿ ಅತಿ ದುಬಾರಿಯಾದ ರಾಕೇಶ್ ಕುಮಾರ್ ಹೋದದ್ದು 12.8 ಲಕ್ಷಕ್ಕೆ. 2018ರಲ್ಲಿ ಮೊದಲ ಸಲ ಕೋಟಿ ದಾಟಿತು. ಆ ವರ್ಷವೇ ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ 79 ಲಕ್ಷಕ್ಕೆ ಯುಪಿ ಯೋಧಾ ಸೇರಿದರು. 2023ರಲ್ಲಿ ಪವನ್ ಸೆಹ್ರಾವತ್ 2.605 ಕೋಟಿ ಮುಟ್ಟಿದರು. ಕಾರ್ಕಳದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ ಫೈನಲಿಗೆ ಕೊಂಡೊಯ್ದವರು. ಶಾಲೆಯ ಅಂಗಳದಲ್ಲಿ, ದೇವಸ್ಥಾನದ ಗದ್ದೆಯಲ್ಲಿ ರೈಡ್ ಮಾಡುವ ಹುಡುಗರ ಕಣ್ಣಿಗೆ ಬಿದ್ದ ಅಂಕಿಗಳು ಇವು. ಆದರೆ ಇವೆಲ್ಲ ಪಟ್ಟಿಯ ತುದಿಯವು. ಹರಾಜಿನಲ್ಲಿ ಎ ದರ್ಜೆಯ ಮೂಲಬೆಲೆ 30 ಲಕ್ಷ, ಬಿ 20, ಸಿ 13, ಡಿ 9 ಲಕ್ಷ. ಒಂದು ತಂಡದ ಇಡೀ ಚೀಲವೇ 5 ಕೋಟಿ. ಮೇಲಿನ ಒಬ್ಬರಿಗೆ ಎರಡು ಕೋಟಿ ಹೋದರೆ ಉಳಿದವರು ಮೂರರಲ್ಲಿ ಹಂಚಿಕೊಳ್ಳಬೇಕು. ಎರಡು ಮೂರು ತಿಂಗಳ ಆಟ, ಮೊಣಕಾಲು ತಿರುಚಿದರೆ ಮುಂದಿನ ವರ್ಷ ಹೆಸರು ಕೂಗುವಾಗ ಯಾವ ಮೇಜಿನಿಂದಲೂ ಕೈ ಏಳದೆ ಹೋಗಬಹುದು. ಆದ್ದರಿಂದಲೇ ಕಬಡ್ಡಿ ಆಟಗಾರರಲ್ಲಿ ಬಹುಮಂದಿ ಇವತ್ತಿಗೂ ರೈಲ್ವೆಯಲ್ಲೋ ಪೊಲೀಸಿನಲ್ಲೋ ಸೇನೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ನೌಕರಿ ಹಿಡಿದುಕೊಂಡೇ ಆಡುವುದು. ಆ ಸಂಬಳ ಯಾವ ತಾಣದ 'ಗಳಿಕೆ' ಪಟ್ಟಿಯಲ್ಲೂ ಬರುವುದಿಲ್ಲ, ಆದರೆ ಅರುವತ್ತು ವರ್ಷದವರೆಗೆ ತಿಂಗಳು ತಿಂಗಳು ಬರುತ್ತದೆ.

ಹೆಣ್ಣುಮಕ್ಕಳ ಕ್ರಿಕೆಟಿನ ಬಗ್ಗೆಯೂ ಕೇಳಿದ್ದಾರೆ, ಎರಡೇ ಮಾತು. 2023ರ ಮೊದಲ ಡಬ್ಲ್ಯೂಪಿಎಲ್ ಹರಾಜಿನಲ್ಲಿ ಸ್ಮೃತಿ ಮಂಧಾನ 3.4 ಕೋಟಿಗೆ ಹೋದರೆ ನಮ್ಮ ಶ್ರೇಯಾಂಕಾ ಪಾಟೀಲ್ 10 ಲಕ್ಷಕ್ಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ವೃಂದಾ ದಿನೇಶ್ 1.3 ಕೋಟಿಗೆ. ಭಾರತಕ್ಕೆ ಆಡುವಾಗಿನ ಪಂದ್ಯದ ಶುಲ್ಕ 2022ರಿಂದ ಗಂಡಸರಷ್ಟೇ. ಮಂಡಳಿಯ ವಾರ್ಷಿಕ ಗುತ್ತಿಗೆಯಲ್ಲಿ ಮಾತ್ರ ಅವರ ಎ ದರ್ಜೆಗೆ 50 ಲಕ್ಷ, ಗಂಡಸರ ಎ ದರ್ಜೆಗೆ 5 ಕೋಟಿ ಎಂದು 2024-25ರ ಪಟ್ಟಿ. ಸಮಾನ ಶುಲ್ಕ ಎಂಬ ತಲೆಬರಹ ಓದಿದವರು ಈ ಇನ್ನೊಂದು ಸಾಲನ್ನೂ ಓದಿರಬೇಕು.

ಈ ವಾರದ ಕೊನೆಯ ಪ್ರಶ್ನೆ ಬೆಳ್ತಂಗಡಿ ತಾಲೂಕಿನ ಒಬ್ಬ ತಂದೆಯದು. ಮಗ ಡಿಗ್ರಿ ಕೊನೆಯ ವರ್ಷ, ಒಳ್ಳೆಯ ರೈಡರ್. ಕ್ರೀಡಾ ಕೋಟಾದಲ್ಲಿ ರೈಲ್ವೆಗೆ ಅರ್ಜಿ ಹಾಕುವುದೋ, ಎಲ್ಲ ಬಿಟ್ಟು ಪ್ರೊ ಕಬಡ್ಡಿಯ ಆಯ್ಕೆ ಶಿಬಿರಗಳಿಗೆ ಓಡಾಡುವುದೋ ಎಂದು ಕೇಳಿದ್ದಾರೆ. ಜೊತೆಗೆ ಯಾರೋ ಕಳಿಸಿದ ಕೋಟ್ಯಧಿಪತಿ ಆಟಗಾರರ ಪಟ್ಟಿಯನ್ನೂ ಕಳಿಸಿದ್ದಾರೆ. ಆ ಪಟ್ಟಿಯಲ್ಲಿ ಇರುವುದು ಹತ್ತು ಹೆಸರು, ಒಂದು ಋತುವಿನಲ್ಲಿ ಆಡುವ ತಂಡಗಳು ಹನ್ನೆರಡು, ತಂಡವೊಂದಕ್ಕೆ ಆಟಗಾರರು ಹದಿನೆಂಟರಿಂದ ಇಪ್ಪತ್ತೈದು. ಶಿಬಿರಕ್ಕೆ ಹೋಗಲಿ, ತಡೆಯಬೇಡಿ. ರೈಲ್ವೆಯ ಅರ್ಜಿಗೆ ಕೊನೆಯ ದಿನ ಯಾವುದೆಂದು ಮೊದಲು ನೋಡಿಕೊಳ್ಳಿ.